ಅಮೆರಿಕದಲ್ಲಿ ಸರ್ಕಾರಿ ಸಂಸ್ಥೆಯ ನಿರ್ಲಕ್ಷ್ಯದಿಂದ ಗಾಯಗೊಂಡಾಗ ಪರಿಹಾರ ಕೇಳುವ ಬಗೆ

ಚಲಿಸುತ್ತಿದ್ದ ಬಸ್ಸಿನ ಚಾಲಕ ಹಠಾತ್ತನೆ ಬ್ರೇಕ್ ಹಾಕಿದ್ದರಿಂದ ಒಳಗೆ ನಿಂತಿದ್ದ ಪ್ರಯಾಣಿಕರೊಬ್ಬರು ಬಿದ್ದು ಮೊಣಕೈ ಮುರಿದುಕೊಂಡರು ಎಂದಿಟ್ಟುಕೊಳ್ಳಿ. ಬಸ್ಸು ಖಾಸಗಿ ಕಂಪನಿಯದಾಗಿದ್ದರೆ ದಾವೆ ಹೂಡಲು ಅವರಿಗೆ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 2 ವರ್ಷ, ನ್ಯೂಯಾರ್ಕ್‌ನಲ್ಲಿ 3 ವರ್ಷ ಕಾಲಾವಕಾಶ ಇರುತ್ತದೆ. ಅದೇ ಬಸ್ಸು ಸಾರ್ವಜನಿಕ ಸಾರಿಗೆ ಸಂಸ್ಥೆಯದಾಗಿದ್ದರೆ ಕ್ಯಾಲಿಫೋರ್ನಿಯಾದಲ್ಲಿ 6 ತಿಂಗಳೊಳಗೆ, ನ್ಯೂಯಾರ್ಕ್ ನಗರದಲ್ಲಿ 90 ದಿನಗಳೊಳಗೆ ಆ ಸಂಸ್ಥೆಗೆ ಲಿಖಿತವಾಗಿ ಕೋರಿಕೆ ಸಲ್ಲಿಸಿರಬೇಕು. ಆ ದಿನ ಕಳೆದ ಮೇಲೆ ಎಷ್ಟೇ ಗಟ್ಟಿಯಾದ ಸಾಕ್ಷ್ಯವಿದ್ದರೂ ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೇ ತೆಗೆದುಕೊಳ್ಳದೆ ವಜಾ ಮಾಡಬಹುದು.

ಈ ವ್ಯತ್ಯಾಸದ ಮೂಲ, ಸರ್ಕಾರಕ್ಕೆ ದಾವೆಗಳಿಂದ ಇರುವ ವಿನಾಯಿತಿಯಲ್ಲಿದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೂ, ಮಕ್ಕಳ ಮನೆಗೆಂದು ಅಲ್ಲಿಗೆ ಹೋಗಿ ಕೆಲವು ತಿಂಗಳು ಇದ್ದು ಬರುವ ಹಿರಿಯರಿಗೂ ಇದು ತಿಳಿದಿರಬೇಕು ಎಂಬ ಕಳಕಳಿಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಸರ್ಕಾರದ ಮೇಲೆ ದಾವೆ ಹೂಡುವುದು ಅಸಾಧ್ಯವೆಂದು ಭಾವಿಸಿ ಸುಮ್ಮನಾಗುವುದು ಒಂದು ತಪ್ಪಾದರೆ, ಗಾಯ ವಾಸಿಯಾದ ಮೇಲೆ ನಿಧಾನವಾಗಿ ನೋಡಿಕೊಳ್ಳೋಣ ಎಂದು ಮುಂದೂಡುವುದು ಅದಕ್ಕಿಂತ ದೊಡ್ಡ ತಪ್ಪು. ಕಾನೂನು ಕೊಟ್ಟಿರುವ ಹಕ್ಕನ್ನೂ ಗಡುವು ಮೀರಿದ ಕಾರಣಕ್ಕೇ ಕಳೆದುಕೊಳ್ಳಬೇಕಾದೀತು.

ಮೊದಲು ಈ ವಿನಾಯಿತಿ ಎಲ್ಲಿಂದ ಬಂತು ಎಂಬುದು

ರಾಜನು ತಪ್ಪು ಮಾಡಲಾರ, ಆದ್ದರಿಂದ ರಾಜನದೇ ನ್ಯಾಯಾಲಯದಲ್ಲಿ ರಾಜನ ಮೇಲೆ ದಾವೆ ಹೂಡಲಾಗದು ಎಂಬ ಹಳೆಯ ಇಂಗ್ಲಿಷ್ ತತ್ತ್ವವನ್ನು ಅಮೆರಿಕದ ನ್ಯಾಯಾಲಯಗಳು ರಾಜನಿಲ್ಲದ ದೇಶದಲ್ಲೂ ಮುಂದುವರಿಸಿದವು. ಸರ್ಕಾರ ತಾನಾಗಿ ಒಪ್ಪಿದರೆ ಮಾತ್ರ, ಒಪ್ಪಿದಷ್ಟಕ್ಕೆ ಮಾತ್ರ, ಒಪ್ಪಿದ ವಿಧಾನದಲ್ಲಿ ಮಾತ್ರ ಅದರ ಮೇಲೆ ದಾವೆ ಸಾಧ್ಯ ಎಂಬುದು ಇಂದಿಗೂ ಮೂಲ ನಿಯಮ. ಗಾಯಗೊಂಡವರು ಅಮೆರಿಕದ ಸಂಸತ್ತಿಗೆ ಮನವಿ ಸಲ್ಲಿಸಿ, ತಮಗಾಗಿ ಪ್ರತ್ಯೇಕ ಮಸೂದೆಯೊಂದು ಅಂಗೀಕಾರವಾಗುವವರೆಗೂ ಕಾಯಬೇಕಾಗಿದ್ದ ಕಾಲವೊಂದಿತ್ತು. 1945ರ ಜುಲೈ 28ರಂದು ದಟ್ಟ ಮಂಜಿನಲ್ಲಿ ಸೇನೆಯ ಬಿ-25 ಬಾಂಬರ್ ವಿಮಾನವೊಂದು ನ್ಯೂಯಾರ್ಕ್‌ನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಅಪ್ಪಳಿಸಿ 14 ಮಂದಿ ಸತ್ತರು. ಫೆಡರಲ್ ಸರ್ಕಾರದ, ಅಂದರೆ ಕೇಂದ್ರ ಸರ್ಕಾರದ, ನೌಕರರ ನಿರ್ಲಕ್ಷ್ಯದಿಂದಾದ ಹಾನಿಗೆ ಸರ್ಕಾರದ ಮೇಲೆ ದಾವೆ ಹೂಡಲು ಅವಕಾಶ ಕೊಡುವ, ವರ್ಷಗಳಿಂದ ಚರ್ಚೆಯಲ್ಲೇ ಉಳಿದಿದ್ದ ಫೆಡರಲ್ ಟಾರ್ಟ್ ಕ್ಲೇಮ್ಸ್ ಕಾಯ್ದೆ 1946ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. 1945ರ ಆರಂಭದಿಂದಲೇ ನಡೆದ ಘಟನೆಗಳಿಗೆ ಅದು ಅನ್ವಯಿಸಿದ್ದರಿಂದ ಆ ದುರಂತದ ಸಂತ್ರಸ್ತರಿಗೂ ದಾರಿ ತೆರೆಯಿತು.

ರಾಜ್ಯಗಳು ತಮ್ಮ ತಮ್ಮ ದಾರಿ ಹಿಡಿದವು. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1961ರಲ್ಲಿ, ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ಬಿದ್ದು ಗಾಯಗೊಂಡ ರೋಗಿಯೊಬ್ಬರ ಪ್ರಕರಣದಲ್ಲಿ ಈ ವಿನಾಯಿತಿಯನ್ನೇ ಅನ್ಯಾಯವೆಂದು ಕರೆದು ತೆಗೆದುಹಾಕಿತು. ಆ ಬಳಿಕ ಅಲ್ಲಿನ ಶಾಸನಸಭೆ 1963ರಲ್ಲಿ ಯಾವುದಕ್ಕೆ ಹೊಣೆ ಉಂಟು, ಯಾವುದಕ್ಕಿಲ್ಲ ಎಂಬ ವಿವರವಾದ ಕಾಯ್ದೆ ಮಾಡಿತು. ಇನ್ನೊಂದು ತುದಿಯಲ್ಲಿ ಅಲಬಾಮ ಇದೆ. ರಾಜ್ಯವನ್ನು ಯಾವ ನ್ಯಾಯಾಲಯದಲ್ಲೂ ಎಂದಿಗೂ ಪ್ರತಿವಾದಿಯನ್ನಾಗಿ ಮಾಡತಕ್ಕದ್ದಲ್ಲ ಎಂದು ಅದರ ಸಂವಿಧಾನವೇ ಹೇಳುವುದರಿಂದ ಅಲ್ಲಿ ಪರಿಹಾರವನ್ನು ಒಂದು ಮಂಡಳಿಯ ಮುಂದೆ ಕೇಳಿಕೊಳ್ಳಬೇಕು. ಉಳಿದ ರಾಜ್ಯಗಳು ಈ ಎರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತವೆ. ಆದ್ದರಿಂದ ನೆರೆಯ ರಾಜ್ಯದಲ್ಲಿರುವ ಸ್ನೇಹಿತರ ಅನುಭವವನ್ನು ನಂಬಿ ನಿಮ್ಮ ಹೆಜ್ಜೆ ಇಡಬೇಡಿ.

ಹೆಜ್ಜೆ 1: ಹೊಣೆ ಯಾವ ಸಂಸ್ಥೆಯದು ಎಂದು ಕಂಡುಕೊಳ್ಳಿ

ಮುಂದಿನ ಎಲ್ಲವೂ ಇದರ ಮೇಲೆ ನಿಂತಿದೆ. ಗಡುವು, ಅರ್ಜಿಯ ನಮೂನೆ, ಸಲ್ಲಿಸಬೇಕಾದ ಕಚೇರಿ, ದೊರೆಯಬಹುದಾದ ಗರಿಷ್ಠ ಮೊತ್ತ ಎಲ್ಲವೂ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುತ್ತವೆ. ಒಂದೇ ಊರಿನ ಎರಡು ರಸ್ತೆಗಳಲ್ಲಿ ಒಂದು ನಗರಕ್ಕೂ ಇನ್ನೊಂದು ಕೌಂಟಿಗೂ (ನಮ್ಮ ಜಿಲ್ಲೆಯಂತಹ ಆಡಳಿತ ಘಟಕಕ್ಕೂ) ಸೇರಿರಬಹುದು. ಊರ ನಡುವೆ ಹಾದುಹೋಗುವ ಹೆದ್ದಾರಿ ರಾಜ್ಯದ ಸಾರಿಗೆ ಇಲಾಖೆಯದಾಗಿರಬಹುದು. ಶಾಲೆ ನಗರಸಭೆಯ ಅಧೀನದಲ್ಲಿರದೆ ಶಾಲೆಗಳನ್ನಷ್ಟೇ ನಡೆಸುವ ಶಾಲಾ ಜಿಲ್ಲೆ ಎಂಬ ಪ್ರತ್ಯೇಕ ಸಂಸ್ಥೆಗೆ ಸೇರಿರಬಹುದು. ಬಸ್ಸು ಮತ್ತು ಮೆಟ್ರೋ ರೈಲುಗಳನ್ನು ಸ್ವತಂತ್ರ ಪ್ರಾಧಿಕಾರವೊಂದು ನಡೆಸುತ್ತಿರಬಹುದು. ನಗರಕ್ಕೆ ಕೊಡಬೇಕಾದ ನೋಟಿಸನ್ನು, ಅಂದರೆ ಈ ಲಿಖಿತ ಕೋರಿಕೆಯನ್ನು, ರಾಜ್ಯಕ್ಕೆ ಕೊಟ್ಟರೆ ಕೊಡದಂತೆಯೇ ಸರಿ ಎಂದು ನ್ಯಾಯಾಲಯಗಳು ಹೇಳಿರುವುದುಂಟು.

ಅನುಮಾನವಿದ್ದಾಗ ಸಂಬಂಧಪಟ್ಟಿರಬಹುದಾದ ಎಲ್ಲ ಸಂಸ್ಥೆಗಳಿಗೂ ಪ್ರತ್ಯೇಕವಾಗಿ ಕೋರಿಕೆ ಸಲ್ಲಿಸುವುದೇ ಕ್ಷೇಮ. ಹೆಚ್ಚಾಗಿ ಸಲ್ಲಿಸಿದ್ದರಿಂದ ಹಕ್ಕು ಹೋಗುವುದಿಲ್ಲ, ಒಂದನ್ನು ಬಿಟ್ಟಿದ್ದರಿಂದ ಹೋಗಬಹುದು.

ಹೊರಗಿನಿಂದ ನೋಡಿದರೆ ಸರ್ಕಾರಿ ಎಂದು ಗೊತ್ತೇ ಆಗದ ಸಂಸ್ಥೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಫೆಡರಲ್ ಅನುದಾನದಿಂದ ನಡೆಯುವ ಅನೇಕ ಸಮುದಾಯ ಆರೋಗ್ಯ ಕೇಂದ್ರಗಳು ನೋಡಲು ಸಾಮಾನ್ಯ ಕ್ಲಿನಿಕ್ಕುಗಳಂತೆಯೇ ಇರುತ್ತವೆ. ಆದರೆ ಅಂಥ ಕೇಂದ್ರಕ್ಕೆ ಕಾನೂನಿನಡಿ ಮಾನ್ಯತೆ ಸಿಕ್ಕಿದ್ದರೆ ಅಲ್ಲಿನ ವೈದ್ಯರನ್ನು ಫೆಡರಲ್ ನೌಕರರೆಂದೇ ಪರಿಗಣಿಸಲಾಗುತ್ತದೆ. ಆಗ ಚಿಕಿತ್ಸೆಯ ಲೋಪಕ್ಕೆ ವೈದ್ಯರ ಮೇಲೆ ರಾಜ್ಯದ ನ್ಯಾಯಾಲಯದಲ್ಲಿ ದಾವೆ ಹೂಡುವ ಬದಲು ಫೆಡರಲ್ ಕಾಯ್ದೆಯ ದಾರಿಯನ್ನೇ ಹಿಡಿಯಬೇಕು. ಇದನ್ನು ತಡವಾಗಿ ಅರಿತು ಗಡುವು ಕಳೆದುಕೊಂಡವರ ಪ್ರಕರಣಗಳು ಅಮೆರಿಕದ ನ್ಯಾಯಾಲಯಗಳ ತೀರ್ಪುಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತವೆ. ಕ್ಲಿನಿಕ್ಕಿನ ಮಾನ್ಯತೆಯನ್ನು ಫೆಡರಲ್ ಆರೋಗ್ಯ ಸಂಪನ್ಮೂಲ ಆಡಳಿತದ ಜಾಲತಾಣದಲ್ಲಿ ಹುಡುಕಿ ನೋಡಬಹುದು.

ಇದಕ್ಕೆ ತಿರುಗುಮುರುಗಾದ ಸಂದರ್ಭವೂ ಇದೆ. ಸರ್ಕಾರಿ ಕಟ್ಟಡದ ನೆಲ ಒರೆಸುವವರು, ರಸ್ತೆ ಅಗೆಯುವವರು, ಸೇನಾ ಆಸ್ಪತ್ರೆಯ ಕೆಲವು ವೈದ್ಯರು ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿರಬಹುದು. ಫೆಡರಲ್ ಕಾಯ್ದೆ ಸ್ವತಂತ್ರ ಗುತ್ತಿಗೆದಾರರ ತಪ್ಪಿಗೆ ಸರ್ಕಾರವನ್ನು ಹೊಣೆ ಮಾಡುವುದಿಲ್ಲ. ಹಾಗಿದ್ದಲ್ಲಿ ಗುತ್ತಿಗೆದಾರ ಕಂಪನಿಯ ಮೇಲೆ ಸಾಮಾನ್ಯ ದಾವೆ ಹೂಡಬೇಕು, ಅದಕ್ಕೆ ರಾಜ್ಯದ ಸಾಮಾನ್ಯ ಕಾಲಮಿತಿ ಅನ್ವಯಿಸುತ್ತದೆ. ಫೆಡರಲ್ ಸಂಸ್ಥೆಯ ಉತ್ತರಕ್ಕಾಗಿ ಕಾಯುತ್ತಿರುವಾಗಲೇ ಆ ಕಾಲಮಿತಿ ಮುಗಿದುಹೋಗುವ ಅಪಾಯವಿರುವುದರಿಂದ ಎರಡೂ ದಿನಾಂಕಗಳನ್ನು ಲೆಕ್ಕ ಹಾಕಿಟ್ಟುಕೊಳ್ಳಿ.

ನ್ಯೂಯಾರ್ಕ್ ನಗರದ ಕಾಲುದಾರಿಗಳದ್ದು ಇನ್ನೊಂದು ಕಥೆ. 2003ರ ನಂತರ ಅಲ್ಲಿನ ಕಾಲುದಾರಿಯ ದುರಸ್ತಿಯ ಹೊಣೆ ಬಹುಮಟ್ಟಿಗೆ ಪಕ್ಕದ ಕಟ್ಟಡದ ಮಾಲೀಕರ ಮೇಲಿದೆ. ಮಾಲೀಕರೇ ವಾಸಿಸುವ, ಮೂರಕ್ಕಿಂತ ಹೆಚ್ಚು ಕುಟುಂಬಗಳಿಲ್ಲದ, ವಸತಿಗಷ್ಟೇ ಬಳಸುವ ಮನೆಗಳಿಗೆ ಇದು ಅನ್ವಯಿಸುವುದಿಲ್ಲ.

ಹೆಜ್ಜೆ 2: ಗಡುವನ್ನು ಗುರುತಿಸಿ

ಫೆಡರಲ್ ಸರ್ಕಾರದ ವಿಷಯದಲ್ಲಿ ನಿಯಮ ದೇಶಕ್ಕೆಲ್ಲ ಒಂದೇ. ಹಾನಿ ಸಂಭವಿಸಿದ 2 ವರ್ಷಗಳೊಳಗೆ ಸಂಬಂಧಪಟ್ಟ ಇಲಾಖೆಗೆ ಲಿಖಿತ ಕೋರಿಕೆ ತಲುಪಿರಬೇಕು. ಅಂಚೆಗೆ ಹಾಕಿದ ದಿನಕ್ಕೆ ಬೆಲೆಯಿಲ್ಲ, ಇಲಾಖೆಗೆ ಮುಟ್ಟಿದ ದಿನವೇ ಲೆಕ್ಕ. ಮಗು ಅಪ್ರಾಪ್ತ ವಯಸ್ಸಿನದು ಎಂಬ ಕಾರಣವೊಂದರಿಂದಲೇ ಈ ಗಡುವು ಸಾಮಾನ್ಯವಾಗಿ ಮುಂದಕ್ಕೆ ಹೋಗುವುದಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಅಸಾಧಾರಣ ಸಂದರ್ಭಗಳಲ್ಲಿ ನ್ಯಾಯಾಲಯ ವಿಳಂಬವನ್ನು ಮನ್ನಿಸಬಹುದೆಂದು ಹೇಳಿದ್ದರೂ ಆ ಮನ್ನಣೆ ಸಿಗುವುದು ಅಪರೂಪ.

ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ಗಡುವುಗಳು ಇದಕ್ಕಿಂತ ಬಹಳ ಚಿಕ್ಕವು. ನ್ಯೂಯಾರ್ಕ್‌ನ ಸ್ಥಳೀಯ ಸಂಸ್ಥೆಗಳಿಗೂ ನ್ಯೂಜೆರ್ಸಿಯ ಸಾರ್ವಜನಿಕ ಸಂಸ್ಥೆಗಳಿಗೂ 90 ದಿನ, ಕೊಲರಾಡೊದಲ್ಲಿ 182 ದಿನ, ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್‌ಗಳಲ್ಲಿ 6 ತಿಂಗಳು. ಟೆಕ್ಸಾಸ್‌ನಲ್ಲಿ ನಗರಗಳು ತಮ್ಮ ಸನ್ನದಿನ ಮೂಲಕ ಇನ್ನೂ ಕಡಿಮೆ ಅವಧಿಯನ್ನು ಗೊತ್ತುಮಾಡಬಹುದು, ಹಲವು ನಗರಗಳು ಹಾಗೆ ಮಾಡಿಯೂ ಇವೆ. ಮಿಷಿಗನ್‌ನಲ್ಲಿ ರಸ್ತೆಯ ದೋಷದಿಂದ ಗಾಯವಾದರೆ 120 ದಿನಗಳೊಳಗೆ ನೋಟಿಸ್ ಕೊಡಬೇಕು. ಇಲಿನಾಯ್‌ನಲ್ಲಿ ಸ್ಥಳೀಯ ಸಂಸ್ಥೆಗಳ ಮೇಲೆ ಗಾಯದ ದಾವೆಯನ್ನೇ ಸಾಮಾನ್ಯವಾಗಿ 1 ವರ್ಷದೊಳಗೆ ಹೂಡಬೇಕು. ಮ್ಯಾಸಚೂಸೆಟ್ಸ್ ಉದಾರವಾಗಿ 2 ವರ್ಷ ಕೊಡುತ್ತದೆ.

ಇವು ತಿದ್ದುಪಡಿಗೆ ಒಳಪಡುವ ನಿಯಮಗಳಾದ್ದರಿಂದ ನಿಮ್ಮ ಪ್ರಕರಣಕ್ಕೆ ಅನ್ವಯಿಸುವ ಕಲಮನ್ನು ರಾಜ್ಯ ಶಾಸನಸಭೆಯ ಜಾಲತಾಣದಲ್ಲಿ ಅಂದಿನ ರೂಪದಲ್ಲೇ ಓದಿ ಖಚಿತಪಡಿಸಿಕೊಳ್ಳಬೇಕು. ಗಡುವು ಈಗಾಗಲೇ ಮೀರಿದ್ದರೂ ಕೂಡಲೇ ಕೈಬಿಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಘಟನೆಯ 1 ವರ್ಷದೊಳಗೆ, ತಡವಾಗಿ ಸಲ್ಲಿಸಲು ಅನುಮತಿ ಕೋರುವ ಅರ್ಜಿ ಹಾಕಬಹುದು. ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದುದು, ಗಾಯಗೊಂಡವರು ಅಪ್ರಾಪ್ತರಾಗಿದ್ದುದು ಇಂಥ ಕಾರಣಗಳನ್ನು ಕಾನೂನು ಮಾನ್ಯ ಮಾಡುತ್ತದೆ. ನ್ಯೂಯಾರ್ಕ್‌ನಲ್ಲೂ ತಡವಾದ ನೋಟಿಸಿಗೆ ನ್ಯಾಯಾಲಯದ ಅನುಮತಿ ಕೇಳುವ ಅವಕಾಶವಿದೆ.

ಹೆಜ್ಜೆ 3: ಸಾಕ್ಷ್ಯ ಅಳಿಸಿಹೋಗುವ ಮೊದಲು ಹಿಡಿದಿಡಿ

ಬಸ್ಸಿನೊಳಗಿನ ಕ್ಯಾಮೆರಾ ಚಿತ್ರಣದ ಮೇಲೆ ಕೆಲವೇ ದಿನ ಅಥವಾ ವಾರಗಳಲ್ಲಿ ಹೊಸ ಚಿತ್ರಣ ಮುದ್ರಿತವಾಗಿಬಿಡಬಹುದು. ರಸ್ತೆಯ ಗುಂಡಿಯನ್ನು ಮರುದಿನವೇ ಮುಚ್ಚಿಬಿಡಬಹುದು. ಆದ್ದರಿಂದ ಅಳತೆ ತಿಳಿಯುವಂತೆ ಪಕ್ಕದಲ್ಲಿ ಪಟ್ಟಿಯನ್ನೋ ನಾಣ್ಯವನ್ನೋ ಇಟ್ಟು ಹಲವು ಕೋನಗಳಿಂದ ಫೋಟೊ ತೆಗೆದುಕೊಳ್ಳಿ, ಹತ್ತಿರದ ಮನೆಯ ಸಂಖ್ಯೆ ಅಥವಾ ಅಡ್ಡರಸ್ತೆಯ ಫಲಕವೂ ಕಾಣುವ ಒಂದು ದೂರದ ಫೋಟೊ ಇರಲಿ. ಅಳತೆ ಏಕೆ ಮುಖ್ಯವೆಂಬುದಕ್ಕೆ ಮಿಷಿಗನ್ ಒಳ್ಳೆಯ ಉದಾಹರಣೆ: ಕಾಲುದಾರಿಯ ಕಲ್ಲುಗಳ ನಡುವಿನ ಏರುಪೇರು 2 ಇಂಚು ಅಥವಾ ಹೆಚ್ಚಿದ್ದರೆ ಮಾತ್ರ, ಅಥವಾ ಬೇರೆ ಬಗೆಯ ಅಪಾಯಕಾರಿ ಸ್ಥಿತಿ ಇದ್ದರೆ ಮಾತ್ರ, ನಗರದ ಹೊಣೆಯ ಪ್ರಶ್ನೆ ಏಳುತ್ತದೆ.

ಅದೇ ವಾರದಲ್ಲಿ ಸಂಸ್ಥೆಗೆ ಪತ್ರವೊಂದನ್ನು ಬರೆದು, ಘಟನೆಯ ದಿನಾಂಕ, ಸಮಯ, ಬಸ್ಸಿನ ಸಂಖ್ಯೆ, ಮಾರ್ಗ ಇವುಗಳನ್ನು ತಿಳಿಸಿ, ಕ್ಯಾಮೆರಾ ಚಿತ್ರಣವನ್ನೂ ಚಾಲಕರ ವರದಿಯನ್ನೂ ಅಳಿಸದೆ ಕಾಪಾಡಬೇಕೆಂದು ಕೋರಿ. ಈ ಪತ್ರವು ಪರಿಹಾರದ ಕೋರಿಕೆಗೆ ಬದಲಿಯಾಗುವುದಿಲ್ಲ ಎಂಬುದು ನೆನಪಿರಲಿ.

ಇನ್ನೊಂದು ಸಾಧನವನ್ನು ನಮ್ಮವರು ಸಾಕಷ್ಟು ಬಳಸುವುದಿಲ್ಲವೆಂದು ನನಗನ್ನಿಸುತ್ತದೆ, ಅದು ಸಾರ್ವಜನಿಕ ದಾಖಲೆಗಳ ಕಾನೂನು. ಫೆಡರಲ್ ಮಟ್ಟದಲ್ಲಿ 1966ರ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಇದೆ, ರಾಜ್ಯಗಳಿಗೆ ತಮ್ಮವೇ ಕಾಯ್ದೆಗಳಿವೆ. ಆ ಗುಂಡಿಯ ಬಗ್ಗೆ ಹಿಂದೆ ಬಂದ ದೂರುಗಳು, ದುರಸ್ತಿಯ ದಾಖಲೆಗಳು, ತಪಾಸಣೆಯ ವರದಿಗಳು, ಗುತ್ತಿಗೆಯ ಕರಾರು ಇವನ್ನೆಲ್ಲ ವಕೀಲರ ನೆರವಿಲ್ಲದೆಯೇ ಕೇಳಿ ಪಡೆಯಬಹುದು. ಹಿಂದಿನ ದೂರುಗಳು ಏಕೆ ನಿರ್ಣಾಯಕವೆಂದರೆ, ದೋಷವಿರುವುದು ಗೊತ್ತಿತ್ತು ಅಥವಾ ಗೊತ್ತಿರಬೇಕಿತ್ತು, ಸರಿಪಡಿಸಲು ಸಮಯವೂ ಇತ್ತು ಎಂದು ತೋರಿಸದೆ ರಸ್ತೆಯ ಪ್ರಕರಣಗಳಲ್ಲಿ ಗೆಲ್ಲುವುದು ಕಷ್ಟ. ನ್ಯೂಯಾರ್ಕ್ ನಗರ ಇನ್ನೂ ಕಟ್ಟುನಿಟ್ಟು: ಆ ನಿರ್ದಿಷ್ಟ ದೋಷದ ಬಗ್ಗೆ ನಗರಕ್ಕೆ ಮುಂಚಿತವಾಗಿ ಲಿಖಿತ ಸೂಚನೆ ಹೋಗಿರಬೇಕು, ಆಮೇಲೆ 15 ದಿನಗಳೊಳಗೆ ಅದು ಸರಿಪಡಿಸದೆ ಬಿಟ್ಟಿರಬೇಕು. ಈ ನಿಯಮವನ್ನು ಎದುರಿಸಲು ಅಲ್ಲಿನ ವಕೀಲರು ಒಂದು ಸಮಿತಿಯನ್ನೇ ಕಟ್ಟಿ, ನಗರದ ಕಾಲುದಾರಿಗಳ ಬಿರುಕು ಮತ್ತು ಗುಂಡಿಗಳನ್ನು ನಕಾಶೆಗಳಲ್ಲಿ ಗುರುತಿಸಿ ನಗರಕ್ಕೆ ಸಲ್ಲಿಸಿದ್ದರು. ನಿಮ್ಮ ಬೀದಿಯಲ್ಲಿ ಅಪಾಯಕಾರಿ ಗುಂಡಿ ಕಂಡರೆ ಇಂದೇ ಲಿಖಿತ ದೂರು ಕೊಡಿ. ನಾಳೆ ಅಲ್ಲಿ ಬೀಳುವವರಿಗೆ ಅದೊಂದೇ ಆಧಾರವಾದೀತು.

ಹೆಜ್ಜೆ 4: ನಿಮ್ಮ ಪ್ರಕರಣ ಯಾವ ಅಪವಾದದಡಿ ಬರುತ್ತದೆ ಎಂದು ನೋಡಿ

ವಿನಾಯಿತಿಯೇ ನಿಯಮವಾಗಿರುವ ಕಡೆ, ನಿಮ್ಮ ಗಾಯವು ಕಾಯ್ದೆಯ ಯಾವ ಅಪವಾದಕ್ಕೆ ಸೇರುತ್ತದೆ ಎಂಬುದನ್ನು ತೋರಿಸುವ ಭಾರ ನಿಮ್ಮ ಮೇಲಿರುತ್ತದೆ. ವಾಹನ ಅಪಘಾತದ ಅಪವಾದ ಬಹುತೇಕ ಎಲ್ಲೆಡೆ ಇದೆ: ನಗರದ ಕಸದ ಲಾರಿ, ಅಂಚೆ ಇಲಾಖೆಯ ವ್ಯಾನ್, ಶಾಲಾ ಬಸ್ಸು ನಿರ್ಲಕ್ಷ್ಯದಿಂದ ಡಿಕ್ಕಿ ಹೊಡೆದರೆ ಸರ್ಕಾರ ಹೊಣೆಯಾಗುತ್ತದೆ. ತುರ್ತು ಕರೆಗೆ ಧಾವಿಸುತ್ತಿದ್ದ ಪೊಲೀಸ್ ಅಥವಾ ಅಗ್ನಿಶಾಮಕ ವಾಹನವಾದರೆ ಮಾತು ಬೇರೆ. ಉದಾಹರಣೆಗೆ ನ್ಯೂಯಾರ್ಕ್‌ನಲ್ಲಿ ಅಂಥ ಚಾಲಕ ಕೆಂಪು ದೀಪ ದಾಟುವಂತಹ ವಿಶೇಷ ಅಧಿಕಾರವನ್ನು ಬಳಸುತ್ತಿದ್ದಾಗ ಆದ ಅಪಘಾತದಲ್ಲಿ ಸಾಮಾನ್ಯ ನಿರ್ಲಕ್ಷ್ಯವನ್ನು ತೋರಿಸಿದರೆ ಸಾಲದು, ಇತರರ ಸುರಕ್ಷತೆಯನ್ನು ಲೆಕ್ಕಿಸದ ಬೇಜವಾಬ್ದಾರಿಯನ್ನೇ ತೋರಿಸಬೇಕು. ರಸ್ತೆಯ ದೋಷ, ಸಾರ್ವಜನಿಕ ಕಟ್ಟಡದ ದೋಷ, ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ಇವು ಅನೇಕ ರಾಜ್ಯಗಳಲ್ಲಿ ಕಾಣುವ ಇತರ ಅಪವಾದಗಳು.

ಎಲ್ಲಕ್ಕಿಂತ ಹೆಚ್ಚು ತೊಡಕು ಹುಟ್ಟಿಸುವುದು ವಿವೇಚನಾಧಿಕಾರದ ರಕ್ಷಣೆ. ಹಣ, ಸುರಕ್ಷತೆ, ಸಾರ್ವಜನಿಕ ಹಿತ ಇವನ್ನೆಲ್ಲ ತೂಗಿನೋಡಿ ಸರ್ಕಾರ ಕೈಗೊಂಡ ನೀತಿಯ ನಿರ್ಧಾರವನ್ನು ಗಾಯದ ದಾವೆಯ ಮೂಲಕ ಪ್ರಶ್ನಿಸಲಾಗದು ಎಂಬುದು ಇದರ ತಿರುಳು. ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ. 1947ರ ಏಪ್ರಿಲ್ 16ರಂದು ಟೆಕ್ಸಾಸ್ ಸಿಟಿಯ ಬಂದರಿನಲ್ಲಿ ಅಮೋನಿಯಂ ನೈಟ್ರೇಟ್ ಗೊಬ್ಬರ ತುಂಬಿದ್ದ ಹಡಗು ಸ್ಫೋಟಿಸಿ 500ಕ್ಕೂ ಹೆಚ್ಚು ಜನ ಸತ್ತರು. ಯುದ್ಧದಿಂದ ನಲುಗಿದ ದೇಶಗಳಿಗೆ ಕಳುಹಿಸಲು ಸರ್ಕಾರದ ಕಾರ್ಯಕ್ರಮದಡಿ ತಯಾರಾದ ಗೊಬ್ಬರ ಅದು. ಅದನ್ನು ಹೇಗೆ ತಯಾರಿಸಿ ಸಾಗಿಸಬೇಕೆಂಬುದು ಯೋಜನೆಯ ಮಟ್ಟದ ನಿರ್ಧಾರ ಎಂದು 1953ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಸಂತ್ರಸ್ತರ ದಾವೆಯನ್ನು ತಳ್ಳಿಹಾಕಿತು. ಎರಡು ವರ್ಷದ ನಂತರ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಿ ಅವರಿಗೆ ನೆರವು ಕೊಡಬೇಕಾಯಿತು. ಅದೇ 1955ರಲ್ಲಿ ಇನ್ನೊಂದು ಪ್ರಕರಣ ಬಂತು. ಕರಾವಳಿ ರಕ್ಷಣಾ ಪಡೆಯ ದೀಪಸ್ತಂಭವೊಂದರ ದೀಪ ಆರಿದ್ದರಿಂದ ದೋಣಿಯೊಂದು ನೆಲಕ್ಕೆ ತಾಗಿ ಸರಕು ಹಾಳಾಗಿತ್ತು. ದೀಪಸ್ತಂಭ ಬೇಕೋ ಬೇಡವೋ ಎಂಬುದು ಸರ್ಕಾರಕ್ಕೆ ಬಿಟ್ಟ ವಿಷಯ, ಆದರೆ ದೀಪ ಹಚ್ಚುತ್ತೇನೆಂದು ಒಪ್ಪಿ ನಾವಿಕರು ಅದನ್ನು ನಂಬುವಂತೆ ಮಾಡಿದ ಮೇಲೆ ಅದನ್ನು ಸರಿಯಾಗಿ ನೋಡಿಕೊಳ್ಳುವುದು ಕರ್ತವ್ಯ ಎಂದು ಅದೇ ನ್ಯಾಯಾಲಯ ತೀರ್ಮಾನಿಸಿತು.

1988ರ ತೀರ್ಪೊಂದು ಈ ಪರೀಕ್ಷೆಯನ್ನು ಎರಡು ಪ್ರಶ್ನೆಗಳಿಗೆ ಇಳಿಸಿತು: ನೌಕರನಿಗೆ ಆಯ್ಕೆಯ ಸ್ವಾತಂತ್ರ್ಯ ನಿಜವಾಗಿ ಇತ್ತೇ, ಇದ್ದರೆ ಆ ಆಯ್ಕೆ ನೀತಿಗೆ ಸಂಬಂಧಿಸಿದ್ದೇ? ನಿಯಮಪುಸ್ತಕವು ಒಂದು ಕೆಲಸವನ್ನು ಹೀಗೆಯೇ ಮಾಡಬೇಕೆಂದು ವಿಧಿಸಿದ್ದು, ನೌಕರ ಅದನ್ನು ಮಾಡಿಲ್ಲದಿದ್ದರೆ ಈ ರಕ್ಷಣೆ ಕುಸಿಯುತ್ತದೆ. ಆದ್ದರಿಂದ ದಾಖಲೆಗಳನ್ನು ಕೇಳುವಾಗ ಸಂಸ್ಥೆಯ ಆಂತರಿಕ ಕೈಪಿಡಿಯನ್ನೂ ತಪಾಸಣೆಯ ವೇಳಾಪಟ್ಟಿಯನ್ನೂ ತಪ್ಪದೆ ಕೇಳಿ. ಪ್ರತಿದಿನ ಬೆಳಿಗ್ಗೆ ಮೆಟ್ಟಿಲು ಪರೀಕ್ಷಿಸಬೇಕು ಎಂಬ ಒಂದು ಸಾಲು ಪ್ರಕರಣದ ದಿಕ್ಕನ್ನೇ ಬದಲಿಸಬಲ್ಲದು.

ಹೆಜ್ಜೆ 5: ಕೋರಿಕೆಯನ್ನು ಬರೆಯಿರಿ

ಫೆಡರಲ್ ಸಂಸ್ಥೆಗಳಿಗೆ ಸ್ಟ್ಯಾಂಡರ್ಡ್ ಫಾರ್ಮ್ 95 ಎಂಬ ನಮೂನೆ ಇದೆ. ನಗರಗಳೂ ರಾಜ್ಯಗಳೂ ತಮ್ಮ ನಮೂನೆಗಳನ್ನು ಜಾಲತಾಣಗಳಲ್ಲಿ ಇಟ್ಟಿರುತ್ತವೆ. ಘಟನೆ ಎಲ್ಲಿ, ಯಾವಾಗ, ಹೇಗೆ ನಡೆಯಿತು, ಯಾರ ತಪ್ಪಿನಿಂದ, ಯಾವ ಗಾಯ ಮತ್ತು ನಷ್ಟವಾಯಿತು ಎಂಬ ವಿವರಗಳು ಎಲ್ಲ ನಮೂನೆಗಳಲ್ಲೂ ಇರುತ್ತವೆ. ಮೆಟ್ರೋ ನಿಲ್ದಾಣದಲ್ಲಿ ಬಿದ್ದೆ ಎಂದಷ್ಟೇ ಬರೆದರೆ ಸಾಲದು. ಯಾವ ನಿಲ್ದಾಣ, ಯಾವ ದ್ವಾರ, ಯಾವ ಮೆಟ್ಟಿಲಸಾಲು, ಮೇಲಿನಿಂದ ಎಷ್ಟನೆಯ ಮೆಟ್ಟಿಲು ಎಂದು ಬರೆಯಬೇಕು. ಸಂಸ್ಥೆಯವರು ಆ ಜಾಗಕ್ಕೆ ಹೋಗಿ ಪರಿಶೀಲಿಸಲು ಸಾಧ್ಯವಾಗುವಂತಿರಬೇಕು ಎಂಬುದೇ ನೋಟಿಸಿನ ಉದ್ದೇಶ. ನೋಟಿಸಿನಲ್ಲಿ ಹೇಳದ ಆರೋಪವನ್ನು ಮುಂದೆ ದಾವೆಯಲ್ಲಿ ಸೇರಿಸಲು ಹೋದರೆ ಎದುರುಪಕ್ಷ ಆಕ್ಷೇಪಿಸುವುದು ಖಂಡಿತ, ಆದ್ದರಿಂದ ಚಾಲಕನ ತಪ್ಪಿನ ಜೊತೆಗೆ ವಾಹನದ ನಿರ್ವಹಣೆ, ಚಾಲಕನ ತರಬೇತಿ ಮುಂತಾದ ಸಂಭಾವ್ಯ ಕಾರಣಗಳನ್ನೂ ಮೊದಲೇ ಬರೆದಿಡಿ.

ಮೊತ್ತದ ವಿಷಯದಲ್ಲಿ ಫೆಡರಲ್ ನಿಯಮ ಕಠಿಣವಾಗಿದೆ. ಡಾಲರಿನಲ್ಲಿ ಖಚಿತ ಸಂಖ್ಯೆಯೊಂದನ್ನು ನಮೂದಿಸಲೇಬೇಕು. ನಂತರ ತಿಳಿಸಲಾಗುವುದು ಎಂದು ಬರೆದರೆ ಕೋರಿಕೆಯೇ ಅಪೂರ್ಣವಾಗುತ್ತದೆ. ಮುಂದೆ ದಾವೆಯಲ್ಲಿ ಆ ಮೊತ್ತಕ್ಕಿಂತ ಹೆಚ್ಚು ಕೇಳಲು, ಆಗ ತಿಳಿಯಲು ಸಾಧ್ಯವಿರದಿದ್ದ ಹೊಸ ಸಾಕ್ಷ್ಯ ಬೇಕಾಗುತ್ತದೆ. ಹಾಗಾಗಿ ಈವರೆಗಿನ ಆಸ್ಪತ್ರೆ ಬಿಲ್ಲುಗಳನ್ನಷ್ಟೇ ಕೂಡಿ ಬರೆಯುವುದು ತಪ್ಪು. ಮುಂದಿನ ಶಸ್ತ್ರಚಿಕಿತ್ಸೆ, ಫಿಸಿಯೋಥೆರಪಿ, ಕಳೆದುಕೊಂಡ ಸಂಬಳ, ನೋವು ಎಲ್ಲವನ್ನೂ ವೈದ್ಯರೊಡನೆ ಚರ್ಚಿಸಿ ಲೆಕ್ಕ ಹಾಕಿ. ಕ್ಯಾಲಿಫೋರ್ನಿಯಾ ಇದಕ್ಕೆ ವಿರುದ್ಧ: ಅಲ್ಲಿ ಕೋರಿಕೆ 10,000 ಡಾಲರ್ ಮೀರಿದರೆ ಮೊತ್ತವನ್ನು ನಮೂದಿಸುವಂತೆಯೇ ಇಲ್ಲ. ಸಲ್ಲಿಸಿದ್ದಕ್ಕೆ ಪುರಾವೆಯಾಗಿ ಸ್ವೀಕೃತಿ ಸಹಿ ಬರುವ ಅಂಚೆಯಲ್ಲಿ ಕಳುಹಿಸಿ ಅಥವಾ ಕೈಯಾರೆ ಕೊಟ್ಟು ಮೊಹರು ಹಾಕಿಸಿದ ಪ್ರತಿಯನ್ನು ಪಡೆದುಕೊಳ್ಳಿ.

ಹೆಜ್ಜೆ 6: ಉತ್ತರಕ್ಕೆ ಕಾಯುವಾಗಲೂ ದಿನ ಎಣಿಸಿ

ಫೆಡರಲ್ ಇಲಾಖೆಗೆ 6 ತಿಂಗಳ ಅವಧಿ ಇದೆ. ಅಷ್ಟರೊಳಗೆ ತೀರ್ಮಾನ ಬಾರದಿದ್ದರೆ ತಿರಸ್ಕೃತವಾಯಿತೆಂದು ಪರಿಗಣಿಸಿ ಫೆಡರಲ್ ನ್ಯಾಯಾಲಯಕ್ಕೆ ಹೋಗಬಹುದು. ತಿರಸ್ಕಾರದ ಪತ್ರ ಬಂದರೆ, ಅದನ್ನು ಇಲಾಖೆ ಅಂಚೆಗೆ ಹಾಕಿದ ದಿನದಿಂದ 6 ತಿಂಗಳೊಳಗೆ ದಾವೆ ಹೂಡಬೇಕು. ಇಲ್ಲಿ ನಿಮಗೆ ತಲುಪಿದ ದಿನ ಲೆಕ್ಕಕ್ಕಿಲ್ಲ. ದಾವೆಯಲ್ಲಿ ಜ್ಯೂರಿ (ಸಾಮಾನ್ಯ ನಾಗರಿಕರಿಂದ ಆರಿಸಿದ ತೀರ್ಪುಗಾರರ ಮಂಡಳಿ) ಇರುವುದಿಲ್ಲ, ನ್ಯಾಯಾಧೀಶರೇ ತೀರ್ಮಾನಿಸುತ್ತಾರೆ, ಮತ್ತು ಹೊಣೆಯನ್ನು ಘಟನೆ ನಡೆದ ರಾಜ್ಯದ ಕಾನೂನಿನ ಪ್ರಕಾರ ಅಳೆಯುತ್ತಾರೆ. ಕ್ಯಾಲಿಫೋರ್ನಿಯಾದ ಸಂಸ್ಥೆಗಳು 45 ದಿನಗಳೊಳಗೆ ಉತ್ತರಿಸಬೇಕು. ಲಿಖಿತ ತಿರಸ್ಕಾರ ಬಂದರೆ ಅಲ್ಲಿಂದ ದಾವೆಗೆ 6 ತಿಂಗಳು. ವಾಷಿಂಗ್ಟನ್ ರಾಜ್ಯದಲ್ಲಿ ಕೋರಿಕೆ ಸಲ್ಲಿಸಿ 60 ದಿನ ಕಳೆಯದೆ ದಾವೆ ಹೂಡುವಂತಿಲ್ಲ. ನ್ಯೂಯಾರ್ಕ್‌ನಲ್ಲಿ ನಗರವು ದಾವೆಗೆ ಮುನ್ನವೇ ನಿಮ್ಮನ್ನು ಕರೆಸಿ ಪ್ರಮಾಣ ಮಾಡಿಸಿ ಪ್ರಶ್ನಿಸಬಹುದು. ಆ ಹೇಳಿಕೆ ಮುಂದೆ ಸಾಕ್ಷ್ಯವಾಗುವುದರಿಂದ ಅದಕ್ಕೆ ವಕೀಲರೊಡನೆ ಹೋಗುವುದು ಒಳಿತು.

ಈ ಹಂತದಲ್ಲಿ ಪರಿಹಾರದ ಕೋರಿಕೆಗಳನ್ನು ಪರಿಶೀಲಿಸಿ ಇತ್ಯರ್ಥಪಡಿಸುವ ವಿಮಾ ಅಧಿಕಾರಿಯೊಬ್ಬರು ಕರೆ ಮಾಡಿ, ನಿಮ್ಮ ಪ್ರಕರಣವನ್ನು ಪರಿಶೀಲಿಸುತ್ತಿದ್ದೇವೆ ಎಂದು ಸೌಜನ್ಯದಿಂದ ಮಾತನಾಡಬಹುದು. ಆ ಮಾತುಕತೆ ತಿಂಗಳುಗಟ್ಟಲೆ ನಡೆದರೂ ಗಡುವು ತಾನಾಗಿ ನಿಲ್ಲುವುದಿಲ್ಲ.

ಹೆಜ್ಜೆ 7: ಹಣದ ಮಿತಿಯನ್ನು ಮೊದಲೇ ತಿಳಿದುಕೊಳ್ಳಿ

ಅನೇಕ ರಾಜ್ಯಗಳಲ್ಲಿ ಪರಿಹಾರಕ್ಕೆ ಗರಿಷ್ಠ ಮಿತಿಯಿದೆ. ಟೆಕ್ಸಾಸ್‌ನಲ್ಲಿ ರಾಜ್ಯ ಮತ್ತು ನಗರಗಳಿಂದ ಒಬ್ಬ ವ್ಯಕ್ತಿಗೆ 2,50,000 ಡಾಲರ್, ಒಂದು ಘಟನೆಗೆ ಒಟ್ಟು 5,00,000 ಡಾಲರ್. ಕೌಂಟಿಯಂತಹ ಇತರ ಸ್ಥಳೀಯ ಸಂಸ್ಥೆಗಳಿಂದ 1,00,000 ಮತ್ತು 3,00,000 ಡಾಲರ್. ಬೆನ್ನುಹುರಿಗೆ ಪೆಟ್ಟಾಗಿ ಜೀವನಪೂರ್ತಿ ಆರೈಕೆ ಬೇಕಾದವರಿಗೂ ಇದೇ ಮಿತಿ ಎಂಬುದು ನನ್ನ ಮಟ್ಟಿಗೆ ಈ ಕಾನೂನಿನ ಅತ್ಯಂತ ಕ್ರೂರವಾದ ಭಾಗ. ಫ್ಲೋರಿಡಾದಲ್ಲಿ ಮಿತಿಗಿಂತ ಹೆಚ್ಚಿನ ಹಣ ಬೇಕಾದರೆ ಶಾಸನಸಭೆ ಪ್ರತ್ಯೇಕ ಮಸೂದೆ ಅಂಗೀಕರಿಸಬೇಕು. ಫೆಡರಲ್ ಕಾಯ್ದೆಯಲ್ಲಿ ಅದರದೇ ಆದ ಗರಿಷ್ಠ ಮಿತಿಯಿಲ್ಲ, ಆದರೆ ತಪ್ಪು ಮಾಡಿದವರಿಗೆ ಪಾಠ ಕಲಿಸಲೆಂದು ಕೊಡಿಸುವ ದಂಡನಾತ್ಮಕ ಪರಿಹಾರ ಅಲ್ಲೂ ಸಿಗದು.

ವಕೀಲರ ಶುಲ್ಕಕ್ಕೆ ಫೆಡರಲ್ ಪ್ರಕರಣಗಳಲ್ಲಿ ಕಾನೂನೇ ಮಿತಿ ಹಾಕಿದೆ: ಇಲಾಖೆಯ ಮಟ್ಟದಲ್ಲೇ ಇತ್ಯರ್ಥವಾದರೆ ಶೇ 20, ದಾವೆಯ ನಂತರವಾದರೆ ಶೇ 25. ಇದಕ್ಕಿಂತ ಹೆಚ್ಚು ನಮೂದಿಸಿದ ಕರಾರಿಗೆ ಸಹಿ ಹಾಕಬೇಡಿ. ಸಣ್ಣ ಗಾಯ ಮತ್ತು ಕೆಲವೇ ಬಿಲ್ಲುಗಳ ಪ್ರಕರಣವನ್ನು ನೀವೇ ನಡೆಸಬಹುದು. ಮೂಳೆ ಮುರಿತ, ಶಸ್ತ್ರಚಿಕಿತ್ಸೆ, ಸಾವು, ವೈದ್ಯಕೀಯ ಲೋಪ ಇವುಗಳಲ್ಲಿ ಸರ್ಕಾರದ ವಿರುದ್ಧದ ಪ್ರಕರಣಗಳನ್ನು ನಡೆಸಿ ಅನುಭವವಿರುವ ವಕೀಲರನ್ನು ಮೊದಲ ವಾರಗಳಲ್ಲೇ ಕಾಣಬೇಕು. ಸಿಕ್ಕ ಪರಿಹಾರದಲ್ಲಿ ನಿಮ್ಮ ಆರೋಗ್ಯ ವಿಮಾ ಸಂಸ್ಥೆ ತಾನು ಕಟ್ಟಿದ ಬಿಲ್ಲಿನ ಹಣವನ್ನು ಮರಳಿ ಕೇಳಬಹುದು ಎಂಬುದನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

ಪೊಲೀಸರ ಅತಿಯಾದ ಬಲಪ್ರಯೋಗದಂತಹ ಸಂವಿಧಾನದತ್ತ ಹಕ್ಕಿನ ಉಲ್ಲಂಘನೆಯಿಂದ ಗಾಯವಾಗಿದ್ದರೆ ದಾರಿಯೇ ಬೇರೆ. ಅದಕ್ಕಾಗಿ ಇರುವ ಫೆಡರಲ್ ನಾಗರಿಕ ಹಕ್ಕುಗಳ ಕಾನೂನಿನಡಿ ದಾವೆ ಹೂಡಲು ರಾಜ್ಯದ ನೋಟಿಸ್ ಗಡುವು ಅಡ್ಡ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿದೆ. ಆದರೂ ಅಧಿಕಾರಿಗಳಿಗಿರುವ ಅರ್ಹ ವಿನಾಯಿತಿಯೆಂಬ ಬೇರೊಂದು ರಕ್ಷಣೆಯನ್ನು ಅಲ್ಲಿ ಎದುರಿಸಬೇಕಾಗುತ್ತದೆ.

ಪ್ರವಾಸಕ್ಕೆ ಬಂದ ತಂದೆತಾಯಿ ಗಾಯಗೊಂಡಾಗ

ನಿರ್ಲಕ್ಷ್ಯದಿಂದ ಗಾಯಗೊಂಡವರು ಪರಿಹಾರ ಕೇಳಲು ಅಮೆರಿಕದ ಪ್ರಜೆಯಾಗಿರಬೇಕಿಲ್ಲ. ಸಂದರ್ಶಕರ ವೀಸಾದ ಮೇಲೆ ಬಂದವರಿಗೂ ಆ ಹಕ್ಕಿದೆ. ಆದರೆ ಅವರ ವಾಸದ ಅವಧಿ ಸಾಮಾನ್ಯವಾಗಿ 6 ತಿಂಗಳೊಳಗಿನದು, ಪೆಟ್ಟು ತಿಂದ ಮೇಲೆ ಬೇಗ ಊರು ಸೇರುವ ತವಕವೂ ಸಹಜ. ಅವರು ವಿಮಾನ ಹತ್ತಿದ ಮಾತ್ರಕ್ಕೆ ಗಡುವಿನ ಎಣಿಕೆ ನಿಲ್ಲುವುದಿಲ್ಲ. ಆದ್ದರಿಂದ ಹೊರಡುವ ಮೊದಲೇ ಅವರ ಹೇಳಿಕೆಯನ್ನು ಅವರ ಮಾತಿನಲ್ಲೇ ದಾಖಲಿಸಿ, ಕನ್ನಡದಲ್ಲಿ ಹೇಳಿದ್ದರೆ ಇಂಗ್ಲಿಷಿಗೆ ತರ್ಜುಮೆ ಮಾಡಿಸಿ, ಕೋರಿಕೆಯ ನಮೂನೆಗೆ ಸಹಿ ಹಾಕಿಸಿ. ನೋಟಿಸಿಗೆ ಪ್ರಮಾಣೀಕೃತ ಸಹಿ ಬೇಕಾದ ನ್ಯೂಯಾರ್ಕ್‌ನಂತಹ ಕಡೆ ನೋಟರಿಯ ಮುಂದೆ ಸಹಿ ಮಾಡಿಸಿ. ಮಕ್ಕಳು ತಂದೆತಾಯಿಯ ಪರವಾಗಿ ಸಹಿ ಮಾಡುವುದಾದರೆ ಅದಕ್ಕೆ ಅಧಿಕಾರ ಕೊಡುವ ಪತ್ರವನ್ನು ಜೊತೆಗಿಡಬೇಕು. ಅಮೆರಿಕದ ಆಸ್ಪತ್ರೆಯಿಂದ ಎಕ್ಸ್‌ರೇ, ವೈದ್ಯರ ಟಿಪ್ಪಣಿ, ಬಿಲ್ಲುಗಳ ಪೂರ್ಣ ಪ್ರತಿಯನ್ನು ಹೊರಡುವ ಮುನ್ನವೇ ಪಡೆದುಕೊಳ್ಳಿ, ಭಾರತದಲ್ಲಿ ಚಿಕಿತ್ಸೆ ಮುಂದುವರಿದರೆ ಅಲ್ಲಿನ ವೈದ್ಯರಿಂದ ಈಗಿನ ತೊಂದರೆಗೂ ಅಂದಿನ ಬೀಳುವಿಕೆಗೂ ಇರುವ ಸಂಬಂಧವನ್ನು ಬರಹದಲ್ಲಿ ಕೇಳಿ ಪಡೆಯಿರಿ, ಮತ್ತು ಪ್ರತಿ ರಸೀದಿಯ ಮೇಲೂ ದಿನಾಂಕವೂ ರೋಗಿಯ ಪೂರ್ಣ ಹೆಸರೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಇವೆಯೇ ಎಂದು ಅಲ್ಲಿಯೇ ನಿಂತು ನೋಡಿಕೊಳ್ಳಿ.